ಮಣ್ಣಿಗೆ ಸೇರಿದ ಸಾವಯವ ತ್ಯಾಜ್ಯದ ವಿಘಟನೆ: ಮುನ್ಸೂಚನೆಯ ಕ್ರಮಗಳ ವಿಮರ್ಶೆ

1

ಹೊಲಕ್ಕೆ ಹಾಕಿದ ಹುಲ್ಲು, ಸೊಪ್ಪು, ಸಗಣಿ, ಊರಕಸ ಮೊದಲಾದ ಸಾವಯವ ದ್ರವ್ಯಗಳು ಮಣ್ಣಿನಲ್ಲಿ ಹೇಗೆ ಕೊಳೆಯುತ್ತವೆ ಎಂಬುದನ್ನು ಮೊದಲೇ ಹೇಳುವುದು ಸಾಧ್ಯವೆ? ಸಾಧ್ಯವೆಂದೇ ನಮ್ಮ ಪಠ್ಯಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ದ್ರವ್ಯದಲ್ಲಿರುವ ಇಂಗಾಲ ಮತ್ತು ಸಾರಜನಕಗಳ ಪ್ರಮಾಣವನ್ನು ಅಳೆದು, ಒಂದರಿಂದ ಮತ್ತೊಂದನ್ನು ಭಾಗಿಸಿದರೆ ದೊರೆಯುವ ಸಂಖ್ಯೆಯೇ ಈ ವಿದ್ಯೆಯ ಕೀಲಿಕೈ ಎಂದು ವಿದ್ಯಾರ್ಥಿಗಳು ಕಲಿಯುತ್ತಾರೆ. ಸಂಖ್ಯೆ 20ಕ್ಕಿಂತ ಕಡಿಮೆಯಿದ್ದರೆ ದ್ರವ್ಯ ಬೇಗ ಕೊಳೆತು ಬೆಳೆಗೆ ಸಾರಜನಕವನ್ನು ಕೊಡುತ್ತದೆ; 30ಕ್ಕಿಂತ ಹೆಚ್ಚಿದ್ದರೆ ನಿಧಾನವಾಗಿ ಕೊಳೆತು ಬೆಳೆಯ ಸಾರಜನಕವನ್ನೇ ಕಸಿಯುತ್ತದೆ. ಪರೀಕ್ಷೆಯಲ್ಲಿ ಇಷ್ಟನ್ನು ಬರೆದವನಿಗೆ ಪೂರ್ಣ ಅಂಕಗಳು ದೊರೆಯುತ್ತವೆ.

ಈ ಮಾತು ತಪ್ಪೆಂದು ನಾವು ಹೇಳುವುದಿಲ್ಲ. ಇದು ಅರ್ಧ ಮಾತು ಎಂಬುದೇ ನಮ್ಮ ಆಕ್ಷೇಪ. ಕೊಳೆಯುವಿಕೆಯನ್ನು ಕುರಿತು ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಈ ಬೆಳೆಗೆ, ಈ ಕೆಲವು ವಾರಗಳಲ್ಲಿ, ಎಷ್ಟು ಸಾರಜನಕ ದೊರೆಯುತ್ತದೆ ಅಥವಾ ತಪ್ಪಿಹೋಗುತ್ತದೆ ಎಂಬುದು ಮೊದಲನೆಯದು. ಇದು ಋತುವಿನ ಪ್ರಶ್ನೆ. ಹಾಕಿದ ಇಂಗಾಲದಲ್ಲಿ ಎಷ್ಟು ಪಾಲು ವರ್ಷಗಳ ಮೇಲೆ ಮಣ್ಣಿನಲ್ಲಿ ಉಳಿಯುತ್ತದೆ ಎಂಬುದು ಎರಡನೆಯದು. ಇದು ತಲೆಮಾರಿನ ಪ್ರಶ್ನೆ. ಮೊದಲನೆಯದಕ್ಕೆ ಉತ್ತರವಾಗಿ ಹುಟ್ಟಿದ ಅಳತೆಯನ್ನು ಎರಡನೆಯದಕ್ಕೂ ಹೊಂದಿಸುವುದು, ಒಂದು ನಾಡಿನಲ್ಲಿ ತಾಳೆನೋಡಿದ ಗಣಿತವನ್ನು ಮತ್ತೊಂದು ನಾಡಿನಲ್ಲಿ ತಾಳೆನೋಡದೆಯೇ ಬಳಸುವುದು, ಇವೆರಡೂ ಇಂದು ರೂಢಿಯಲ್ಲಿರುವ ದೋಷಗಳು. ಇವುಗಳ ಫಲವನ್ನು ಅನುಭವಿಸುವವನು ಪ್ರಬಂಧ ಬರೆದವನಲ್ಲ, ಗೊಬ್ಬರ ಹೊತ್ತವನು. ಆದುದರಿಂದ ಪ್ರಚಲಿತವಾಗಿರುವ ಮುಖ್ಯ ಕ್ರಮಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾವುದು ಎಷ್ಟರಮಟ್ಟಿಗೆ ನಂಬಲರ್ಹವೆಂದು ಇಲ್ಲಿ ವಿವೇಚಿಸುತ್ತೇವೆ.

2

ಇಂಗಾಲ–ಸಾರಜನಕ ಅನುಪಾತದ ಹಿಂದಿರುವ ತರ್ಕ ಸರಳವೂ ಸುಂದರವೂ ಆಗಿದೆ. ಸೂಕ್ಷ್ಮಜೀವಿಗಳು ತಾವು ತಿಂದ ಇಂಗಾಲದಲ್ಲಿ ಸುಮಾರು ಶೇಕಡ 40ನ್ನು ತಮ್ಮ ದೇಹಕ್ಕೆ ಸೇರಿಸಿಕೊಂಡು ಉಳಿದುದನ್ನು ಉಸಿರಾಗಿ ಬಿಡುತ್ತವೆ ಎಂದೂ, ಅವುಗಳ ದೇಹದಲ್ಲಿ 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕವಿದೆ ಎಂದೂ ಇಟ್ಟುಕೊಳ್ಳೋಣ. 100 ಕಿಲೋ ಇಂಗಾಲ ಜೀರ್ಣವಾಗಬೇಕಾದರೆ 40 ಕಿಲೋ ದೇಹಗತವಾಗುತ್ತದೆ. ಅದಕ್ಕೆ 5 ಕಿಲೋ ಸಾರಜನಕ ಬೇಕು. ಎಂದರೆ ಅನುಪಾತ 20 ಇದ್ದಲ್ಲಿ ಕೊಡುಕೊಳ್ಳುವಿಕೆ ಸಮವಾಗುತ್ತದೆ. ಪಠ್ಯಪುಸ್ತಕದ 20 ಎಂಬ ಅಂಕೆಯ ಹಿಂದಿರುವ ಲೆಕ್ಕ ಇದೇ.

ಒಂದು ಟನ್ ಒಣಹುಲ್ಲಿಗೆ ಈ ಲೆಕ್ಕವನ್ನು ಅನ್ವಯಿಸಿ ನೋಡಬಹುದು. ಅದರಲ್ಲಿ 400 ಕಿಲೋ ಇಂಗಾಲವೂ 5 ಕಿಲೋ ಸಾರಜನಕವೂ ಇದ್ದು, ಒಂದು ಋತುವಿನಲ್ಲಿ ಅರ್ಧ ಭಾಗ ಕೊಳೆಯುತ್ತದೆ ಎನ್ನೋಣ. 200 ಕಿಲೋ ಇಂಗಾಲಕ್ಕೆ 10 ಕಿಲೋ ಸಾರಜನಕ ಬೇಕು. ಹುಲ್ಲು ತಾನಾಗಿ ಕೊಡುವುದು ಎರಡೂವರೆ ಕಿಲೋ. ಕೊರತೆ ಏಳೂವರೆ ಕಿಲೋ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದಲ್ಲಿ ಹುಲ್ಲಿನಿಂದ ಕೃತಕವಾಗಿ ಕೊಟ್ಟಿಗೆ ಗೊಬ್ಬರವನ್ನು ತಯಾರಿಸಲು ಹೊರಟ ಹಚಿನ್‌ಸನ್ ಮತ್ತು ರಿಚರ್ಡ್ಸ್ ಎಂಬವರು, 100 ಪಾಲು ಒಣಹುಲ್ಲಿಗೆ ಸುಮಾರು 0.7 ಪಾಲು ಸಾರಜನಕವನ್ನು ಹೊರಗಿನಿಂದ ಸೇರಿಸಬೇಕೆಂದು 1921ರಲ್ಲಿಯೇ ಪ್ರಯೋಗದಿಂದ ಕಂಡುಕೊಂಡಿದ್ದರು. ಟನ್ನಿಗೆ ಇದು 7 ಕಿಲೋ ಆಗುತ್ತದೆ. ಕಾಗದದ ಮೇಲಣ ಲೆಕ್ಕವೂ ಗೊಬ್ಬರದ ರಾಶಿಯೂ ಇಷ್ಟು ಹತ್ತಿರ ಬರುವುದು ಈ ಶಾಸ್ತ್ರದಲ್ಲಿ ಅಪರೂಪ. ಅನುಪಾತಕ್ಕೆ ದೊರೆತ ಗೌರವ ಸಕಾರಣವಾದುದೇ.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಅಂಶ ಸದ್ದಿಲ್ಲದೆ ಒಳಹೊಕ್ಕಿದೆ. ‘ಅರ್ಧ ಭಾಗ ಕೊಳೆಯುತ್ತದೆ’ ಎಂದು ನಾವು ಇಟ್ಟುಕೊಂಡೆವು. ಅನುಪಾತ ಅದನ್ನು ನಮಗೆ ಹೇಳಲಿಲ್ಲ. ಈಗ ಹುಲ್ಲಿನ ಬದಲು ಒಂದು ಟನ್ ಮರದ ಹೊಟ್ಟನ್ನು ತೆಗೆದುಕೊಳ್ಳೋಣ. ಇಂಗಾಲ 480 ಕಿಲೋ, ಸಾರಜನಕ 1 ಕಿಲೋ. ಅನುಪಾತ ಹುಲ್ಲಿನದಕ್ಕಿಂತ ಆರು ಪಟ್ಟು. ಒಂದು ಋತುವಿನಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ ಕೊಳೆಯುತ್ತದೆ ಎಂದಿಟ್ಟುಕೊಂಡರೆ, ಬೇಕಾಗುವ ಸಾರಜನಕ ಸುಮಾರು 2.4 ಕಿಲೋ, ಕೊರತೆ 2.3 ಕಿಲೋ. ಅನುಪಾತವನ್ನೇ ನಂಬಿದವನು ಹುಲ್ಲಿಗಿಂತ ಹೊಟ್ಟಿಗೆ ಹೆಚ್ಚು ಹೆದರಬೇಕು. ಬೆಳೆಗೆ ಆ ಋತುವಿನಲ್ಲಿ ಹೆಚ್ಚು ಹಸಿವನ್ನು ತರುವುದಾದರೋ ಹುಲ್ಲೇ. ತಿಪಟೂರು, ಅರಸೀಕೆರೆಗಳ ಕಡೆ ರಾಶಿರಾಶಿಯಾಗಿ ಬೀಳುವ ತೆಂಗಿನ ನಾರಿನ ಹೊಟ್ಟಿನ ಅನುಪಾತವೂ ನೂರನ್ನು ಮೀರುತ್ತದೆ. ಆದರೆ ಅದು ಹಟಹಿಡಿದು ನಿಲ್ಲುವುದಕ್ಕೆ ಅನುಪಾತವೊಂದೇ ಕಾರಣವಲ್ಲ, ಅದರಲ್ಲಿ ತುಂಬಿರುವ ಲಿಗ್ನಿನ್ ದೊಡ್ಡ ಕಾರಣ. ಅನುಪಾತ ಸಾರಜನಕದ ದರವನ್ನು ತಿಳಿಸಬಲ್ಲುದು. ವ್ಯಾಪಾರ ಎಷ್ಟು ನಡೆಯುತ್ತದೆ ಎಂಬುದನ್ನು ತಿಳಿಸಲಾರದು.

ಇದು ಕೇವಲ ತರಗತಿಯ ತಕರಾರಲ್ಲ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ 2006ರಲ್ಲಿ ಸಾವಯವ ಗೊಬ್ಬರಗಳನ್ನು ಸೇರಿಸಿದಾಗ, ನಗರ ಕಾಂಪೋಸ್ಟಿಗೆ ವಿಧಿಸಿದ ಲಕ್ಷಣಗಳಲ್ಲಿ ಈ ಅನುಪಾತ 20ಕ್ಕಿಂತ ಕಡಿಮೆಯಿರಬೇಕೆಂಬುದೂ ಒಂದು. ಚೆನ್ನಾಗಿ ಕಳಿತ ಗೊಬ್ಬರದ ಅನುಪಾತ ಇಳಿದಿರುತ್ತದೆ ಎಂಬುದು ನಿಜ. ಆದರೆ ಅನುಪಾತ ಇಳಿದುದೆಲ್ಲ ಕಳಿತದ್ದಲ್ಲ. ಶೇಕಡ 30 ಇಂಗಾಲ, ಶೇಕಡ 1 ಸಾರಜನಕ ಇರುವ ಒಂದು ಟನ್ ಹಸಿ ಕಸಕ್ಕೆ (ಒಣತೂಕದಲ್ಲಿ) 22 ಕಿಲೋ ಯೂರಿಯಾವನ್ನು ಬೆರೆಸಿದರೆ ಸುಮಾರು 10 ಕಿಲೋ ಸಾರಜನಕ ಸೇರುತ್ತದೆ; ಅನುಪಾತ 30ರಿಂದ 15ಕ್ಕೆ ಇಳಿಯುತ್ತದೆ. ಕಸದ ಒಂದು ಎಳೆಯೂ ಕಳಿತಿರುವುದಿಲ್ಲ. ಆದರೂ ಈ ಒಂದು ಲಕ್ಷಣದ ಮಟ್ಟಿಗೆ ಅದು ಉತ್ತೀರ್ಣವೇ. ಯಾರಾದರೂ ಹಾಗೆ ಮಾಡುತ್ತಾರೆಂದು ನಾವು ಆರೋಪಿಸುತ್ತಿಲ್ಲ; ಅಳತೆ ತನ್ನ ಅಳವನ್ನು ಮೀರಿದ ಕೆಲಸವನ್ನು ಹೊತ್ತಿದೆ ಎಂಬುದಷ್ಟೇ ನಮ್ಮ ಮಾತಿನ ಅಭಿಪ್ರಾಯ.

3

ಈ ಕೊರತೆ ಹಿಂದಿನವರಿಗೆ ತಿಳಿದಿರಲಿಲ್ಲವೆಂದು ಭಾವಿಸಬಾರದು. ಟೆನ್ನಿ ಮತ್ತು ವಾಕ್ಸ್‌ಮನ್ 1929ರಲ್ಲಿಯೇ ಸಸ್ಯದ್ರವ್ಯಗಳನ್ನು ನೀರಿನಲ್ಲಿ ಕರಗುವ ಅಂಶ, ಸೆಲ್ಯುಲೋಸ್, ಲಿಗ್ನಿನ್, ಸಾರಜನಕ ಎಂದು ವಿಂಗಡಿಸಿ, ಇವುಗಳ ರಾಸಾಯನಿಕ ಸ್ವರೂಪವೇ ಕೊಳೆಯುವಿಕೆಯ ವೇಗವನ್ನು ನಿಯಮಿಸುತ್ತದೆ ಎಂದು ತೋರಿಸಿದ್ದರು. 1982ರಲ್ಲಿ ಮೆಲಿಲೋ ಮತ್ತು ಸಂಗಡಿಗರು ಅಮೆರಿಕದ ಹಬಾರ್ಡ್ ಬ್ರೂಕ್ ಅರಣ್ಯದ ತರಗೆಲೆಗಳಲ್ಲಿ, ಇಂಗಾಲಕ್ಕೆ ಬದಲಾಗಿ ಲಿಗ್ನಿನ್ನನ್ನು ಸಾರಜನಕದಿಂದ ಭಾಗಿಸಿದಾಗ ಕೊಳೆಯುವ ವೇಗ ಚೆನ್ನಾಗಿ ಹೊಂದುತ್ತದೆಂದು ಕಂಡರು. ಉಷ್ಣವಲಯದ ದ್ರವ್ಯಗಳನ್ನು ಆಧರಿಸಿ ಪಾಮ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವರ್ಗೀಕರಣ ಇನ್ನೂ ವ್ಯವಹಾರಯೋಗ್ಯವಾದುದು: ಸಾರಜನಕ ಶೇಕಡ 2.5ಕ್ಕಿಂತ ಹೆಚ್ಚು, ಲಿಗ್ನಿನ್ ಶೇಕಡ 15ಕ್ಕಿಂತ ಕಡಿಮೆ, ಪಾಲಿಫಿನಾಲ್ ಶೇಕಡ 4ಕ್ಕಿಂತ ಕಡಿಮೆ ಇದ್ದರೆ ದ್ರವ್ಯವನ್ನು ನೇರವಾಗಿ ಮಣ್ಣಿಗೆ ಸೇರಿಸಬಹುದು. ಸಾರಜನಕ ಕಡಿಮೆಯಿದ್ದು ಲಿಗ್ನಿನ್ನೂ ಕಡಿಮೆಯಿದ್ದರೆ ರಸಗೊಬ್ಬರದೊಡನೆ ಬೆರೆಸಬೇಕು ಅಥವಾ ತಿಪ್ಪೆಗೆ ಹಾಕಬೇಕು. ಸಾರಜನಕ ಕಡಿಮೆಯಿದ್ದು ಲಿಗ್ನಿನ್ ಹೆಚ್ಚಿದ್ದರೆ ನೆಲದ ಮೇಲೆ ಹೊದಿಸಬೇಕು. ನಮ್ಮ ರೈತನು ಗ್ಲಿರಿಸಿಡಿಯ ಸೊಪ್ಪನ್ನು ಗದ್ದೆಗೆ ತುಳಿದು, ಹುಲ್ಲಿನ ಉಳಿಕೆಯನ್ನು ತಿಪ್ಪೆಗೆ ಹಾಕಿ, ತೆಂಗಿನ ಸಿಪ್ಪೆಯನ್ನು ಮರದ ಬುಡಕ್ಕೆ ಹೊದಿಸುವಾಗ ಇದೇ ವರ್ಗೀಕರಣವನ್ನು ಅನುಸರಿಸುತ್ತಿರುತ್ತಾನೆ.

ಕೇವಲ ಸಸ್ಯದ್ರವ್ಯದ ಮಟ್ಟಿಗೆ ಈ ದಾರಿ ಸರಿ. ಕಾಂಪೋಸ್ಟು, ಚರಂಡಿಯ ಗಷ್ಟು, ಸಗಣಿ ಮುಂತಾದ ಮೊದಲೇ ಒಮ್ಮೆ ಜೀರ್ಣವಾದ ದ್ರವ್ಯಗಳ ವಿಷಯದಲ್ಲಿ ಅದು ಮುಗ್ಗರಿಸುತ್ತದೆ. ಇದಕ್ಕೆ ಫ್ರಾನ್ಸಿನಲ್ಲಿ ಲಾಶೆರ್ಮ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸೂಚ್ಯಂಕವೇ ನಿದರ್ಶನ. ಬಹುಕಾಲ ಮಣ್ಣಿನಲ್ಲಿ ಉಳಿಯುವ ಇಂಗಾಲದ ಪಾಲನ್ನು ಅವರು ನಾಲ್ಕು ಅಳತೆಗಳಿಂದ ಕಟ್ಟಿದರು: ಮಾರ್ಜಕ ದ್ರಾವಣದಲ್ಲಿ ಕರಗುವ ಭಾಗ, ಸೆಲ್ಯುಲೋಸ್, ಲಿಗ್ನಿನ್, ಮತ್ತು ಮಣ್ಣಿನೊಡನೆ ಬೆರೆಸಿದ ಮೊದಲ ಮೂರು ದಿನಗಳಲ್ಲಿ ಉಸಿರಾಗಿ ಹೋಗುವ ಇಂಗಾಲ. ಸಮೀಕರಣದಲ್ಲಿ ಲಿಗ್ನಿನ್ನಿಗೆ ಧನಚಿಹ್ನೆ, ಸೆಲ್ಯುಲೋಸಿಗೆ ಋಣಚಿಹ್ನೆ, ಇದು ನಿರೀಕ್ಷಿತವೇ. ಆದರೆ ಕರಗುವ ಭಾಗಕ್ಕೂ ಧನಚಿಹ್ನೆಯೇ ಬಂದಿದೆ! ಕರಗುವುದು ಬೇಗ ಹೋಗುವುದೆಂಬ ನಮ್ಮ ಭಾವನೆಗೆ ಇದು ವಿರುದ್ಧ. ಕಾರಣ ವಿಚಾರಾರ್ಹ. ಹಸಿ ಎಲೆಯಲ್ಲಿ ಕರಗುವ ಭಾಗವೆಂದರೆ ಹೆಚ್ಚಾಗಿ ಸಕ್ಕರೆ ಮೊದಲಾದುವು. ಕಳಿತ ಗೊಬ್ಬರದಲ್ಲಿ ಅದೇ ಹೆಸರಿನ ಭಾಗ ಸೂಕ್ಷ್ಮಜೀವಿಗಳು ಉಂಡುಬಿಟ್ಟ ಸ್ಥಿರ ದ್ರವ್ಯಗಳನ್ನು ಒಳಗೊಂಡಿರುತ್ತದೆ. ರಸಾಯನಶಾಲೆ ಕೊಟ್ಟ ಹೆಸರು ದ್ರಾವಣದಲ್ಲಿ ಅದು ಹೇಗೆ ನಡೆದುಕೊಂಡಿತೆಂಬುದನ್ನು ಹೇಳುತ್ತದೆ. ಮಣ್ಣಿನಲ್ಲಿ ಅದಕ್ಕೆ ಏನು ಗತಿ ಎಂಬುದನ್ನಲ್ಲ. ಈ ಎರಡರ ಅಂತರವನ್ನು ತುಂಬಿದ್ದು ನಾಲ್ಕನೆಯ ಅಳತೆ, ಎಂದರೆ ಮೂರು ದಿನಗಳ ಉಸಿರು. ದ್ರವ್ಯವನ್ನು ವಿಶ್ಲೇಷಿಸುವುದರ ಜೊತೆಗೆ ಸೂಕ್ಷ್ಮಜೀವಿಯನ್ನೇ ಕೇಳಿನೋಡುವ ಈ ಕ್ರಮ ನಮಗೆ ಹೆಚ್ಚು ಒಪ್ಪಿತವೆಂದು ತೋರುತ್ತದೆ.

4

ಇನ್ನು ಕಾಲದ ವಿಚಾರ. ಉಳಿದಿರುವುದರಲ್ಲಿ ಪ್ರತಿವರ್ಷ ಒಂದೇ ಪಾಲು ಕರಗುತ್ತದೆ ಎಂಬ ಏಕಘಾತೀಯ ನಿಯಮವನ್ನು ಓಲ್ಸನ್ 1963ರಲ್ಲಿ ಪ್ರಚುರಪಡಿಸಿದನು. ಅದರ ಸರಳತೆ ಮೋಹಕ. ಆದರೆ ಅದನ್ನು ಒರೆಗೆ ಹಚ್ಚುವ ಪ್ರಯೋಗವೊಂದು ನಮ್ಮಲ್ಲಿದೆ. ರಾಥಮ್‌ಸ್ಟೆಡ್‌ನ ಜೆಂಕಿನ್ಸನ್, ವಿಕಿರಣಶೀಲ ಇಂಗಾಲದಿಂದ ಗುರುತುಮಾಡಿದ ರೈ ಹುಲ್ಲನ್ನು ಹೊಲದ ಮಣ್ಣಿಗೆ ಸೇರಿಸಿದಾಗ, ಒಂದು ವರ್ಷದ ಮೇಲೆ ಸುಮಾರು ಮೂರನೆಯ ಒಂದು ಪಾಲೂ, ಐದು ವರ್ಷಗಳ ಮೇಲೆ ಸುಮಾರು ಐದನೆಯ ಒಂದು ಪಾಲೂ ಉಳಿದಿತ್ತು. ಮೊದಲ ವರ್ಷದ ಫಲವನ್ನೇ ಆಧಾರವಾಗಿಟ್ಟುಕೊಂಡು ಏಕಘಾತೀಯ ನಿಯಮದಿಂದ ಲೆಕ್ಕಹಾಕಿದರೆ, ಐದು ವರ್ಷಗಳ ಮೇಲೆ ಉಳಿಯಬೇಕಾದುದು 243ರಲ್ಲಿ ಒಂದು ಪಾಲು. ಕಂಡದ್ದಕ್ಕೂ ಲೆಕ್ಕಕ್ಕೂ ಸುಮಾರು ಐವತ್ತು ಪಟ್ಟು ಅಂತರ. ಋತುವಿನ ಉತ್ತರವನ್ನು ಎಳೆದು ತಲೆಮಾರಿಗೆ ಹೊದಿಸಿದರೆ ಆಗುವ ಅನರ್ಥಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಜೆಂಕಿನ್ಸನ್ ಮತ್ತು ರೇನರ್ 1977ರಲ್ಲಿ ಪ್ರಕಟಿಸಿ, ಮುಂದೆ ‘ರಾಥ್‌ಸಿ’ ಎಂದು ಹೆಸರಾದ ಮಾದರಿ ಈ ತೊಡಕನ್ನು ಬಿಡಿಸಲು ಹುಟ್ಟಿತು. ಈಗ ಬಳಕೆಯಲ್ಲಿರುವ ರೂಪದಲ್ಲಿ ಇಂಗಾಲವನ್ನು ಹಲವು ಕಣಜಗಳಾಗಿ ಹಂಚಿ ಒಂದೊಂದಕ್ಕೆ ಒಂದೊಂದು ವೇಗವನ್ನು ಕೊಡಲಾಗಿದೆ: ಬೇಗ ಕೊಳೆಯುವ ಸಸ್ಯಭಾಗಕ್ಕೆ ವರ್ಷಕ್ಕೆ 10, ತಡೆದು ಕೊಳೆಯುವುದಕ್ಕೆ 0.3, ಸೂಕ್ಷ್ಮಜೀವಿಗಳ ಕಾಯಕ್ಕೆ 0.66, ಹ್ಯೂಮಸ್ಸಿಗೆ 0.02, ಇವಲ್ಲದೆ ಕದಲದ ಒಂದು ಅಲ್ಪಭಾಗ. ಈ ವೇಗಗಳು ಉಷ್ಣತೆ, ತೇವ, ನೆಲದ ಹೊದಿಕೆ ಇವುಗಳಿಂದ ಏರಿಳಿಯುತ್ತವೆ. ಇದಕ್ಕೆ ಬೆನ್ನೆಲುಬಾಗಿ ನಿಂತದ್ದು ಆ ಕೇಂದ್ರದ ದೀರ್ಘಕಾಲದ ಪ್ರಯೋಗಗಳು. ಅಲ್ಲಿಯ ಹೂಸ್‌ಫೀಲ್ಡ್ ಹೊಲದ ಒಂದು ಪಟ್ಟಿಗೆ 1852ರಿಂದ 1871ರವರೆಗೆ ಕೊಟ್ಟಿಗೆ ಗೊಬ್ಬರವನ್ನು ಹಾಕಿ ಅನಂತರ ನಿಲ್ಲಿಸಲಾಯಿತು. ನೂರು ವರ್ಷಗಳಾಚೆಗೂ ಆ ಪಟ್ಟಿಯಲ್ಲಿ ಎಂದೂ ಗೊಬ್ಬರ ಕಾಣದ ಪಟ್ಟಿಗಿಂತ ಹೆಚ್ಚು ಸಾವಯವ ಅಂಶ ಉಳಿದಿತ್ತು. ಇಂತಹ ಸಾಕ್ಷ್ಯವನ್ನು ಎದುರಿಗಿಟ್ಟುಕೊಂಡು ಕಟ್ಟಿದ ಮಾದರಿಗೆ ನಾವು ತಲೆಬಾಗಲೇಬೇಕು.

ಉಷ್ಣದೇಶದಲ್ಲಿಯೂ ಅದರ ಅಡಿಪಾಯ ಅಲುಗಲಿಲ್ಲ. ಜೆಂಕಿನ್ಸನ್ ಮತ್ತು ಅಯನಾಬ ನೈಜೀರಿಯಾದ ಇಬಾದಾನಿನಲ್ಲಿ ಗುರುತುಮಾಡಿದ ರೈ ಹುಲ್ಲಿನಿಂದಲೇ ಪ್ರಯೋಗ ನಡೆಸಿ, ಕೊಳೆಯುವಿಕೆಯ ಸ್ವರೂಪ ಇಂಗ್ಲೆಂಡಿನದೇ, ವೇಗ ಮಾತ್ರ ನಾಲ್ಕು ಪಟ್ಟು ಎಂದು 1977ರಲ್ಲಿ ವರದಿಮಾಡಿದರು. ಮಾದರಿಯ ಉಷ್ಣತಾ ಸಮೀಕರಣದಲ್ಲಿ 26 ಡಿಗ್ರಿಯನ್ನು ಇಟ್ಟರೆ ಬರುವ ಗುಣಕವೂ 4. ಬೆಂಗಳೂರಿಗೆ ಹತ್ತಿರವಾದ 24 ಡಿಗ್ರಿಗೆ ಅದು ಸುಮಾರು 3.6. ಮಣ್ಣು ತೇವವಾಗಿದ್ದಷ್ಟು ಕಾಲ, ಇಂಗ್ಲೆಂಡಿನಲ್ಲಿ ವರ್ಷದಲ್ಲಿ ಆಗುವ ಕೆಲಸ ಇಲ್ಲಿ ಮೂರೂವರೆ ತಿಂಗಳಿಗೂ ಕಡಿಮೆ ಕಾಲದಲ್ಲಿ ಆಗುತ್ತದೆ ಎಂಬುದು ಇದರ ಅರ್ಥ. ನಮ್ಮ ನೆಲದಲ್ಲಿ ಗೊಬ್ಬರವನ್ನು ಒಮ್ಮೆ ಹಾಕಿ ಕೈಕಟ್ಟಿ ಕೂರುವಂತಿಲ್ಲವೆಂಬ ರೈತರ ಅನುಭವಕ್ಕೆ ಇದರಲ್ಲಿ ಸಮರ್ಥನೆ ದೊರೆಯುತ್ತದೆ.

5

ಹೀಗಿರುವಲ್ಲಿ ಈ ಮಾದರಿಯನ್ನು ಇದ್ದಂತೆಯೇ ನಮ್ಮ ಹೊಲಗಳಿಗೆ ತರಬಹುದೆ? ನಾಲ್ಕು ಕಾರಣಗಳಿಂದ ನಾವು ಹಿಂಜರಿಯುತ್ತೇವೆ.

ಮೊದಲನೆಯದು ಗೊಬ್ಬರದ ಹೆಸರು. ಮಾದರಿಯಲ್ಲಿ ಕೊಟ್ಟಿಗೆ ಗೊಬ್ಬರವೆಂದರೆ ಶೇಕಡ 49 ಬೇಗ ಕೊಳೆಯುವುದು, ಶೇಕಡ 49 ತಡೆದು ಕೊಳೆಯುವುದು, ಶೇಕಡ 2 ಹ್ಯೂಮಸ್. ಉತ್ತರ ಕನ್ನಡದ ಅಡಕೆ ತೋಟದವರು ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕುಗಳನ್ನು ಕೊಟ್ಟಿಗೆಯಲ್ಲಿ ಹಾಸಿ ತೆಗೆದುದೂ ಕೊಟ್ಟಿಗೆ ಗೊಬ್ಬರವೇ. ಬಯಲುಸೀಮೆಯಲ್ಲಿ ರಾಗಿಹುಲ್ಲು ತಿಂದ ದನದ ಸಗಣಿ, ಒಲೆಯ ಬೂದಿ, ಅಂಗಳ ಗುಡಿಸಿದ ಮಣ್ಣು ಸೇರಿ ತಿಪ್ಪೆಯಲ್ಲಿ ಬಿಸಿಲುಂಡದ್ದೂ ಕೊಟ್ಟಿಗೆ ಗೊಬ್ಬರವೇ. ಕಾಂಪೋಸ್ಟಿನ ಮಾತೂ ಹಾಗೆಯೇ. ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪಿಸಿದ, ಲೋಕದಲ್ಲಿ ‘ಬೆಂಗಳೂರು ಕ್ರಮ’ವೆಂದು ಖ್ಯಾತವಾದ ವಿಧಾನದಲ್ಲಿ, ಊರಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣಿನಿಂದ ಮೆತ್ತಿಬಿಡುತ್ತಾರೆ, ಬಹುಭಾಗ ಕಳಿಯುವುದು ಗಾಳಿಯಾಡದೆ. ಇಂದೂರು ಕ್ರಮದಲ್ಲಿ ರಾಶಿಯನ್ನು ಮಗುಚಿ ಗಾಳಿಯಾಡಿಸುತ್ತಾರೆ. ಎರಡು ದಾರಿಗಳಲ್ಲಿ ಬಂದ ಗೊಬ್ಬರಗಳ ಅನುಪಾತ ಒಂದೇ ಆಗಿದ್ದರೂ, ಅವು ಮಣ್ಣಿನಲ್ಲಿ ಒಂದೇ ರೀತಿ ನಡೆದುಕೊಳ್ಳುತ್ತವೆ ಎಂದು ಊಹಿಸಲು ಆಧಾರವಿಲ್ಲ. 2012ರಲ್ಲಿ ಪೆಲ್ತ್ರೆ ಮತ್ತು ಸಂಗಡಿಗರು ಐರೋಪ್ಯ ದೀರ್ಘಕಾಲೀನ ಪ್ರಯೋಗಗಳನ್ನು ಆಧರಿಸಿ, ಒಂದೊಂದು ಗೊಬ್ಬರಕ್ಕೂ ಕಣಜಗಳ ಪಾಲನ್ನು ಬೇರೆಯಾಗಿ ನಿರ್ಧರಿಸುವ ಮಾರ್ಗವನ್ನು ತೋರಿದರು. ಅನುಕರಿಸಬೇಕಾದುದು ಅವರ ಮಾರ್ಗವನ್ನು, ಅವರ ಅಂಕೆಗಳನ್ನಲ್ಲ.

ಎರಡನೆಯದು ಜೇಡಿ. ರಾಥ್‌ಸಿ ಮಾದರಿ ಜೇಡಿಯ ಪ್ರಮಾಣವನ್ನು ಕೇಳುತ್ತದೆಯೇ ಹೊರತು ಜಾತಿಯನ್ನು ಕೇಳುವುದಿಲ್ಲ. ಅದರ ಸೂತ್ರದಂತೆ, ಕೊಳೆತ ಇಂಗಾಲದಲ್ಲಿ ಮಣ್ಣಿನಲ್ಲಿ ಉಳಿಯುವ ಪಾಲು ಶೇಕಡ 30 ಜೇಡಿಯಿರುವಲ್ಲಿ ಸುಮಾರು 23, ಶೇಕಡ 60 ಇರುವಲ್ಲಿ ಸುಮಾರು 24. ಜೇಡಿ ಇಮ್ಮಡಿಯಾದರೂ ಫಲ ಕದಲದು! ಕೋಲಾರದ ಕಡೆಯ ಕೆಮ್ಮಣ್ಣಿನಲ್ಲಿ ಕಯೋಲಿನೈಟ್ ಪ್ರಧಾನ. ಧಾರವಾಡದ ಕಡೆಯ ಎರೆಮಣ್ಣಿನಲ್ಲಿ ನೀರುಂಡು ಹಿಗ್ಗುವ ಸ್ಮೆಕ್ಟೈಟ್ ಪ್ರಧಾನ. ಇವೆರಡರ ಹಿಡಿತವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸಾಧುವಲ್ಲ. ಸಾವಯವ ದ್ರವ್ಯ ಉಳಿಯುವುದು ಅದರ ಅಣುವಿನ ಗಟ್ಟಿತನದಿಂದಲ್ಲ, ಖನಿಜಗಳೂ ಜೀವಿಗಳೂ ಸೇರಿದ ಪರಿಸರದ ಗುಣದಿಂದ ಎಂದು 2011ರಲ್ಲಿ ಶ್ಮಿಟ್ ಮತ್ತು ಸಂಗಡಿಗರು ಪ್ರತಿಪಾದಿಸಿದ ಮೇಲಂತೂ ಈ ಆಕ್ಷೇಪಕ್ಕೆ ಬಲ ಬಂದಿದೆ.

ಮೂರನೆಯದು ಮೊದಲ ಮಳೆ. ಒಣಗಿದ ಮಣ್ಣು ಮತ್ತೆ ನೆನೆದೊಡನೆ ಕೊಳೆಯುವಿಕೆ ಉಕ್ಕೇರುತ್ತದೆ, ಸಾರಜನಕ ಹಠಾತ್ತನೆ ಬಿಡುಗಡೆಯಾಗುತ್ತದೆ ಎಂಬುದನ್ನು ಪೂರ್ವ ಆಫ್ರಿಕದಲ್ಲಿ ಬರ್ಚ್ 1958ರಲ್ಲಿ ವಿಶದಪಡಿಸಿದನು. ಬೇಸಗೆಯಲ್ಲಿ ಗೊಬ್ಬರ ಹರಡಿ ಮುಂಗಾರಿಗೆ ಕಾಯುವ ನಮ್ಮ ಪದ್ಧತಿಯಲ್ಲಿ ಈ ಉಕ್ಕು ಪ್ರತಿವರ್ಷದ ಘಟನೆ. ತಿಂಗಳಿಗೊಮ್ಮೆ ಹೆಜ್ಜೆಯಿಡುವ ಮಾದರಿಗೆ ಒಂದು ವಾರದ ಉಕ್ಕು ಕಾಣುವುದಿಲ್ಲ. ಬೇರು ಬಿಡುವ ಮುನ್ನವೇ ಸಾರಜನಕ ತೊಳೆದುಹೋದ ಬೆಳೆಗಾದರೋ ಅದು ಕಾಣುತ್ತದೆ.

ನಾಲ್ಕನೆಯದು ಗೆದ್ದಲು. 1957ರಲ್ಲಿ ಬೊಕಾಕ್ ಮತ್ತು ಗಿಲ್ಬರ್ಟ್ ಬಳಕೆಗೆ ತಂದ ಬಲೆಚೀಲದ ಕ್ರಮದಲ್ಲಿ ಕಡಿಮೆಯಾದ ತೂಕವನ್ನೇ ಕೊಳೆತದ್ದೆಂದು ಎಣಿಸುತ್ತಾರೆ. ಕಣ್ಣು ಚಿಕ್ಕದಾದರೆ ಗೆದ್ದಲು ಒಳಬಾರದು, ಫಲ ಕಡಿಮೆಯಾಗುತ್ತದೆ. ದೊಡ್ಡದಾದರೆ ಹುಲ್ಲು ಹುತ್ತಕ್ಕೆ ಸಾಗಿಹೋದರೂ ಕೊಳೆಯಿತೆಂದೇ ಬರೆಯಬೇಕಾಗುತ್ತದೆ. ಹುಲ್ಲನ್ನು ಹೊತ್ತೊಯ್ದು ಅಣಬೆ ಬೆಳೆಸುವ ಗೆದ್ದಲುಗಳು ಸಾಮಾನ್ಯವಾಗಿರುವ ನಾಡಿನಲ್ಲಿ ಇದನ್ನು ಗಣನೆಗೆ ತಾರದ ಅಂಕೆ ಅಪೂರ್ಣ.

6

ಈ ವಿಮರ್ಶೆಯ ತಾತ್ಪರ್ಯ ಮುನ್ಸೂಚನೆಯೇ ವ್ಯರ್ಥವೆಂದಲ್ಲ. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮೂರು ವಿಷಯಗಳಲ್ಲಿ ಎಚ್ಚರ ವಹಿಸಬೇಕೆಂದು ಸೂಚಿಸುತ್ತೇವೆ.

ಒಂದು, ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಹೆಸರಿಸಬೇಕು. ಋತುವಿನ ಸಾರಜನಕವೋ, ವರ್ಷಗಳ ಇಂಗಾಲವೋ ಎಂಬುದನ್ನು ಹೇಳದ ಮುನ್ಸೂಚನೆಯನ್ನು ಸ್ವೀಕರಿಸಬಾರದು. ಹೊಲದಲ್ಲಿ ಇಂಗಾಲವನ್ನು ಕೂಡಿಟ್ಟುದಕ್ಕೆ ಹಣ ಕೊಡುವ ಮಾತು ನಡೆಯುತ್ತಿರುವ ಈ ದಿನಗಳಲ್ಲಿ ಒಂದು ವರ್ಷದ ಅಳತೆಯಿಂದ ಐವತ್ತು ವರ್ಷಗಳ ಭರವಸೆ ಕೊಡುವುದು ಸುಲಭ. ಆ ಭರವಸೆ ಹುಸಿಯಾದಾಗ ಉತ್ತರ ಹೇಳಬೇಕಾದವನು ರೈತ.

ಎರಡು, ಅನುಪಾತದ ಜೊತೆಗೆ ಉಸಿರನ್ನೂ ಅಳೆಯಬೇಕು. ಮುಚ್ಚಳ ಬಿಗಿಯಾದ ಗಾಜಿನ ಜಾಡಿ, ತೇವಮಾಡಿದ ಮಣ್ಣು, ತೂಗಿದ ಗೊಬ್ಬರ, ಚಿಕ್ಕ ಬಟ್ಟಲಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಬಿಡುಗಡೆಯಾದ ಇಂಗಾಲದ ಡೈ ಆಕ್ಸೈಡನ್ನು ಅಳೆಯಲು ಬೇರಿಯಂ ಕ್ಲೋರೈಡ್ ಮತ್ತು ಆಮ್ಲ: ಇಷ್ಟು ಯಾವ ಕಾಲೇಜಿನ ಪ್ರಯೋಗಶಾಲೆಗೂ ಎಟಕುವಂಥದು. ಗೊಬ್ಬರವಿಲ್ಲದ ಮಣ್ಣಿನ ಉಸಿರನ್ನು ಕಳೆಯುವಾಗ ಒಂದು ಎಚ್ಚರ ಬೇಕು. ಹಸಿರುಗೊಬ್ಬರ ಮಣ್ಣಿನ ಹಳೆಯ ಸಾವಯವ ದ್ರವ್ಯವನ್ನೂ ಕೊಳೆಯಲು ಪ್ರಚೋದಿಸುತ್ತದೆಂದು ಲೋನಿಸ್ 1926ರಲ್ಲಿಯೇ ಗಮನಿಸಿದ್ದನು. ಆದುದರಿಂದ ಕಳೆದು ಬಂದ ಅಂಕೆಯೆಲ್ಲವೂ ಗೊಬ್ಬರದ್ದೇ ಎನ್ನಲಾಗದು.

ಮೂರು, ಮಾದರಿಯ ಮಾತನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ಫಲ ಬಂದ ಮೇಲೆ ಅಂಕೆಗಳನ್ನು ಹೊಂದಿಸಿ ಹೊಂದಿತೆಂದು ಹೇಳುವುದು ಪರೀಕ್ಷೆಯಲ್ಲ. ಕೆಮ್ಮಣ್ಣು, ಎರೆಮಣ್ಣು, ಮಲೆನಾಡಿನ ಮಣ್ಣುಗಳಲ್ಲಿ ಒಂದೇ ಗೊಬ್ಬರವನ್ನು, ಎರಡು ಬಗೆಯ ಕಣ್ಣಿನ ಬಲೆಗಳಲ್ಲಿ, ಮೊದಲ ಮಳೆಗೆ ಮುನ್ನವೂ ಅನಂತರವೂ ಇಟ್ಟು ಕೆಲವು ವರ್ಷ ನೋಡಬೇಕು. ಹೊಂದದ ಫಲಗಳನ್ನೂ ಪ್ರಕಟಿಸಬೇಕು. ಸಮೀಕರಣವನ್ನು ತಿದ್ದಲು ನೆರವಾಗುವುವು ಹೆಚ್ಚಾಗಿ ಅವೇ.

ಹೂಸ್‌ಫೀಲ್ಡ್‌ನಲ್ಲಿ ಗೊಬ್ಬರ ನಿಲ್ಲಿಸಿದ ಪಟ್ಟಿಯನ್ನು ನೂರು ವರ್ಷ ಉತ್ತು ಬಿತ್ತಿ ಅಳೆದವರು ಇದ್ದುದರಿಂದ ಇಂಗ್ಲೆಂಡಿಗೆ ಒಂದು ಮಾದರಿ ದೊರೆಯಿತು. ನಮ್ಮ ಮಣ್ಣಿಗೂ ತಕ್ಕ ಮಾದರಿ ದೊರೆಯಬೇಕಾದರೆ, ಅಷ್ಟು ಕಾಲ ಬೇಡ, ಒಂದು ವಿದ್ಯಾರ್ಥಿಯ ಪ್ರಬಂಧಕ್ಕೆ ಸಲ್ಲುವ ಅವಧಿಯನ್ನು ದಾಟಿಯಾದರೂ ಒಂದೇ ಹೊಲವನ್ನು ಕೈಬಿಡದೆ ಅಳೆಯುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬೇರೂರಬೇಕು.